ಬೇರೆಯವರು ದುಡಿಯುವಾಗ ನಾವು ಕೂತಿದ್ದೆವು

ಖಾಲಿ ಕಡಲತೀರದ ಫೋಟೊ ನೋಡಿದಾಗಲೆಲ್ಲ ನನಗೊಂದು ಅನುಮಾನ. ಬಾಗಿದ ತೆಂಗಿನ ಮರ, ಬಿಳಿ ಮರಳು, ತಿಳಿ ಹಸಿರು ನೀರು, ಒಂದು ಆರಾಮ ಕುರ್ಚಿ. ಸರಿ. ಅದರಲ್ಲಿ ಕೂತವರು ಹತ್ತು ನಿಮಿಷ ಆದಮೇಲೆ ಏನು ಮಾಡುತ್ತಾರೆ? ಸುಮ್ಮನಿರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನನಗಂತೂ ಒಲಿದಿಲ್ಲ. ಲೆಕ್ಕಪತ್ರ ತಪಾಸಣೆ ನನ್ನ ಕಸುಬು; ಬೇರೆಯವರು ಮಾಡಿದ ಕೆಲಸವನ್ನು ಕೂತು ನೋಡುವುದಕ್ಕೇ ಸಂಬಳ ತಗೊಳ್ಳುವವಳು. ಆ ದ್ವೀಪದಲ್ಲಿ ಕಳೆದ ದಿನ ನನಗೆ ಅಷ್ಟು ಹಿಡಿಸಿದ್ದಕ್ಕೂ ಅದೇ ಕಾರಣ ಇರಬೇಕು. ಅಲ್ಲಿ ನಾವಿಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲ ಮೈಮುರಿದು ದುಡಿಯುತ್ತಿದ್ದರು.

ನಾವಿಬ್ಬರು ಅಂದರೆ ನಾನು ಮತ್ತು ನಮ್ಮಕ್ಕ. ದ್ವೀಪದ ಹೆಸರು ಬರೆಯುವುದಿಲ್ಲ. ನಿರ್ಜನ ಅಂತ ಯಾವುದಾದರೂ ಜಾಗದ ಹೆಸರು ಇಂಟರ್ನೆಟ್ಟಿನಲ್ಲಿ ಬಿತ್ತೆಂದರೆ ಅದು ನಿರ್ಜನವಾಗಿ ಉಳಿಯುವುದು ಎಷ್ಟು ದಿನ? ಇಷ್ಟು ಹೇಳಬಹುದು: ಭೂಮಧ್ಯರೇಖೆಗೆ ಹತ್ತಿರ, ಸುತ್ತಲೂ ಹವಳದ ದಿಬ್ಬ, ಜನವಸತಿ ಇಲ್ಲ, ನಿಧಾನಕ್ಕೆ ನಡೆದರೂ ಮುಕ್ಕಾಲು ಗಂಟೆಗೆ ಒಂದು ಸುತ್ತು ಮುಗಿಯುತ್ತದೆ. ಜೆಟ್ಟಿ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಆರಾಮ ಕುರ್ಚಿಯೂ ಇರಲಿಲ್ಲ. ಎರಡು ಚಾಪೆ, ಒಂದು ಛತ್ರಿ, ಕುಡಿಯುವ ನೀರಿನ ಕ್ಯಾನು, ಊಟದ ಡಬ್ಬಿ, ಅಷ್ಟೇ.

ಇಂಥ ಜಾಗದಲ್ಲಿ ದಿನಚರಿ ಬರೆಯುವುದು ಕಡಲು. ಹವಳದ ದಿಬ್ಬದ ಮೇಲೆ ದೋಣಿ ದಾಟಬೇಕೆಂದರೆ ನೀರು ಏರಿರಬೇಕು. ಬೆಳಗಿನ ಉಬ್ಬರದಲ್ಲಿ ಬಿಟ್ಟು ಹೋದವರು ಸಂಜೆಯ ಉಬ್ಬರದಲ್ಲಿ ಮಾತ್ರ ಕರೆದೊಯ್ಯಲು ಸಾಧ್ಯ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಒಂದಿಷ್ಟು ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಇನ್ನೂ ಐವತ್ತು ನಿಮಿಷ ಬೇಕು. ಹಾಗಾಗಿ ಉಬ್ಬರ ದಿನದಿಂದ ದಿನಕ್ಕೆ ಅಷ್ಟು ತಡವಾಗುತ್ತ ಹೋಗುತ್ತದೆ. ದೋಣಿಯವರಿಗೆ ಇದೆಲ್ಲ ಬೆರಳ ತುದಿಯಲ್ಲಿ. ನಮ್ಮನ್ನು ಇಳಿಸಿ, ದಿಬ್ಬದ ಕಡೆ ಕೈ ತೋರಿಸಿ, ಸೂರ್ಯ ಎಲ್ಲಿಗೆ ಬಂದಾಗ ಬರುತ್ತೇನೆಂದು ಆಕಾಶದಲ್ಲಿ ಒಂದು ಜಾಗ ಗುರುತು ಮಾಡಿ ಹೋದರು. ನಡುವೆ ಮನಸ್ಸು ಬದಲಾಯಿಸಿದರೂ ವಾಪಸು ಹೋಗುವ ಹಾಗಿಲ್ಲ. ನನ್ನಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಬೆಳಿಗ್ಗೆ ಮೊದಲು ಕಂಡದ್ದು ರಾತ್ರಿ ಪಾಳಿ ಮುಗಿಸಿ ಹೋದವಳ ಗುರುತು. ನೀರಿನಿಂದ ಮರಗಳ ಬುಡದವರೆಗೆ ಒಂದು ಅಗಲದ ಜಾಡು, ಅದರ ಪಕ್ಕಕ್ಕೇ ವಾಪಸು ಹೋದ ಇನ್ನೊಂದು ಜಾಡು, ಮೇಲ್ಗಡೆ ಕೆದರಿದ ಮರಳಿನ ದೊಡ್ಡ ಗುಂಡಿ. ಕಡಲಾಮೆ. ಜಾಡಿನ ಎರಡೂ ಬದಿಯ ಗೀರು ಎದುರುಬದುರು ಸರಿಸಮ ಇದ್ದವು. ಹಸಿರು ಆಮೆ ಮುಂಗಾಲೆರಡನ್ನೂ ಒಟ್ಟಿಗೆ ಎತ್ತಿಟ್ಟು ತೆವಳುತ್ತದೆ. ಆಲಿವ್ ರಿಡ್ಲಿಯಾಗಿದ್ದರೆ ಒಂದಾದ ಮೇಲೊಂದು ಕಾಲು ಹಾಕಿ ಗೀರು ಹಿಂದುಮುಂದಾಗಿರುತ್ತಿತ್ತು. ನೀರಿನಲ್ಲಿ ತೂಕವೇ ಗೊತ್ತಾಗದ ಜೀವ, ನೂರು ಕಿಲೋ ದಾಟಿದ ತನ್ನ ಮೈಯನ್ನು ಮರಳ ಮೇಲೆ ಎಳೆದುಕೊಂಡು ಬಂದು, ಗುಂಡಿ ತೋಡಿ, ನೂರರ ಹತ್ತಿರ ಮೊಟ್ಟೆ ಇಟ್ಟು, ಮುಚ್ಚಿ, ಬೆಳಕು ಹರಿಯುವ ಮೊದಲೇ ಹೊರಟುಹೋಗಿದ್ದಾಳೆ. ಇನ್ನು ಎರಡು ತಿಂಗಳ ಕೆಲಸ ಮರಳಿನದು. ಮರಳು ಬೆಚ್ಚಗಿದ್ದರೆ ಹೆಣ್ಣುಮರಿ ಹೆಚ್ಚು, ತಂಪಾಗಿದ್ದರೆ ಗಂಡುಮರಿ ಹೆಚ್ಚು. ನಾವು ಚಾಪೆ ಎತ್ತಿಕೊಂಡು ಅಲ್ಲಿಂದ ದೂರ ಹೋದೆವು.

ಜಾಗ ಆರಿಸುವುದರಲ್ಲಿ ಅಕ್ಕ ಕಟ್ಟುನಿಟ್ಟು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವಳು, ಯಾರು ಎಲ್ಲಿ ಕೂರಬೇಕೆಂದು ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ. ತೆಂಗಿನ ಮರದ ಕೆಳಗೆ ಬೇಡ, ಕಾಯಿ ಬೀಳುತ್ತದೆ. ಕೇದಗೆ ಪೊದೆಯ ಹತ್ತಿರ ಬೇಡ, ಎಲೆಯ ಅಂಚೆಲ್ಲ ಮುಳ್ಳು. ಕೊನೆಗೆ ದಾಸವಾಳದ ಜಾತಿಯದೇ ಒಂದು ದೊಡ್ಡ ಮರದ ನೆರಳು ಒಪ್ಪಿಗೆಯಾಯಿತು. ಉಷ್ಣವಲಯದ ಕರಾವಳಿಗಳಲ್ಲೆಲ್ಲ ಬೆಳೆಯುವ ಮರ ಇದು. ನಾವು ಚಾಪೆ ಹಾಸುವಾಗ ಕೊಂಬೆಯ ತುಂಬ ಆಗಷ್ಟೇ ಬಿಚ್ಚಿದ ಹಳದಿ ಹೂವು, ಒಳಗೆ ಕಡುಗೆಂಪು ಕಣ್ಣು.

ಹತ್ತು ಗಂಟೆ ಸುಮಾರಿಗೆ ನೀರು ಹಿಂದೆ ಸರಿದು ಒದ್ದೆ ಮರಳು ಬಯಲಾಯಿತು. ಅಲ್ಲೇ ನಾನು ಒಂದೂವರೆ ಗಂಟೆ ಕಳೆದದ್ದು, ಮಂಡಿಯೂರಿ.

ಕಿರುಬೆರಳ ಉಗುರಿನಷ್ಟು ಏಡಿ. ಸ್ಯಾಂಡ್ ಬಬ್ಲರ್ ಅನ್ನುತ್ತಾರೆ. ಮೊದಲು ಬಿಲದ ಬಾಯಲ್ಲಿ ಮರಳು ಅಲುಗಿತು, ಆಮೇಲೆ ಎರಡು ಕಣ್ಣಿನ ಕಡ್ಡಿ ಮೇಲೆದ್ದವು. ನಾನು ಅಲುಗಲಿಲ್ಲ. ಅದು ಹೊರಗೆ ಬಂತು. ಎರಡು ಕೊಂಡಿಯಿಂದ ಒಂದರ ಹಿಂದೊಂದು ಮರಳು ಎತ್ತಿ ಬಾಯಿಗಿಡುತ್ತದೆ. ಎಡ, ಬಲ, ಎಡ, ಬಲ, ಮಧ್ಯೆ ಬಿಡುವೇ ಇಲ್ಲ. ತಿನ್ನುವುದು ಮರಳನ್ನಲ್ಲ, ಮರಳಿನ ಕಣಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಾಂಶವನ್ನು. ಅದನ್ನು ಸೋಸಿಕೊಂಡ ಮೇಲೆ ಉಳಿದ ಮರಳು ಬಾಯಿಯ ಮೇಲ್ಭಾಗದಲ್ಲಿ ಸೇರುತ್ತ ಸೇರುತ್ತ ಒಂದು ಗೋಲಿಯಾಗುತ್ತದೆ. ಸಾಕಷ್ಟು ದೊಡ್ಡದಾಯಿತು ಅನ್ನಿಸಿದಾಗ ಕೊಂಡಿಯಲ್ಲಿ ಹಿಡಿದು, ಕಾಲುಗಳ ನಡುವೆ ಹಿಂದಕ್ಕೆ ದಾಟಿಸಿ ಬಿಡುತ್ತದೆ. ಒಂದು ಹೆಜ್ಜೆ ಮುಂದೆ. ಮತ್ತೆ ಎಡ, ಬಲ. ಬಿಲದಿಂದ ಹೊರಟು ನೇರ ಗೆರೆಯಲ್ಲಿ ಸಾಗುತ್ತದೆ. ಗೆರೆ ಮುಗಿದರೆ ವಾಪಸು ಬಂದು ಪಕ್ಕದಲ್ಲಿ ಇನ್ನೊಂದು ಗೆರೆ. ಸೋಸಿದ ಮರಳನ್ನು ಇನ್ನೊಮ್ಮೆ ಮುಟ್ಟುವುದಿಲ್ಲ, ಗೋಲಿ ಬಿದ್ದಿದೆಯೆಂದರೆ ಆ ಜಾಗದ ಲೆಕ್ಕ ಮುಗಿಯಿತು. ಇಂಥ ಚೊಕ್ಕ ವೋಚರು ನಾನು ನನ್ನ ಇಡೀ ಸರ್ವೀಸಿನಲ್ಲಿ ನೋಡಿಲ್ಲ.

ಅಲ್ಲಿ ಒಂದಲ್ಲ, ನೂರಾರು ಏಡಿ. ತಲೆ ಎತ್ತಿ ನೋಡಿದರೆ ಆ ಮೂಲೆಯ ಮರಳೆಲ್ಲ ಬಿಲದಿಂದ ಬಿಲಕ್ಕೆ ಗೋಲಿಗಳ ಗೆರೆ. ಒಂದು ಕಡಲ ಬಕ, ಬೂದು ಬಣ್ಣದ್ದು, ಆಚೆ ಕೊಳದಂತೆ ನಿಂತ ನೀರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅದರ ನೆರಳು ಇತ್ತ ತಿರುಗಿದ್ದೇ ತಡ, ನೂರಾರು ಏಡಿ ಒಟ್ಟಿಗೆ ಮಾಯ. ತಾವು ಬಂದ ಗೆರೆಯಲ್ಲೇ ಓಡಿ ಬಿಲ ಸೇರುತ್ತವೆ, ಆ ಗೆರೆ ತಪ್ಪಿಯೂ ಗೋಲಿಯಿಂದ ಮುಚ್ಚಿರುವುದಿಲ್ಲ. ತುಸು ಹೊತ್ತಿಗೆ ಮತ್ತೆ ಕಣ್ಣಿನ ಕಡ್ಡಿಗಳು.

"ಏನೇ, ಇಲ್ಲಿಗೂ ಆಡಿಟ್ ಮಾಡೋಕೆ ಬಂದಿದ್ದೀಯಾ?" ಅಂದಳು ಅಕ್ಕ ನೆರಳಿನಿಂದಲೇ.

"ಬಾರೇ ಅಕ್ಕ, ಒಂದ್ಸಲ ನೋಡು."

ಬಂದಳು, ನೋಡಿದಳು. "ನಮ್ಮ ಸ್ಟಾಫಿನಲ್ಲಿ ಇಂಥವರು ಇಬ್ಬರಿದ್ದಿದ್ದರೆ ಸಾಕಿತ್ತು" ಅಂತ ಹೇಳಿ ಹೋದಳು.

ನಡುಮಧ್ಯಾಹ್ನ ನೆರಳು ಪಾದದ ಸುತ್ತ ಕುಗ್ಗಿತು. ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವೆ ಎಲ್ಲೇ ನಿಂತರೂ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಉಳಿದ ದಿನಗಳಲ್ಲೂ ಅಂಥ ರಿಯಾಯಿತಿಯೇನೂ ಇಲ್ಲ. ಛತ್ರಿ ಇದೆಯಲ್ಲ ಅಂದುಕೊಂಡರೆ ಸಾಲದು. ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ ನೂರಕ್ಕೆ ಸುಮಾರು 15 ಪಾಲು, ಅಲೆಯ ನೊರೆ ಸುಮಾರು 25 ಪಾಲು ವಾಪಸು ಎಸೆಯುತ್ತವೆ. ಛತ್ರಿಯ ಕೆಳಗೆ ಕೂತವರಿಗೂ ಕೆಳಗಿನಿಂದ ಬಿಸಿಲು ತಾಗುತ್ತದೆ. ನಾವಿಬ್ಬರೂ ಉದ್ದ ತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ. ಕ್ರೀಮು ಬಳಿದುಕೊಂಡು ನೀರಿಗಿಳಿಯುವುದಕ್ಕಿಂತ ಬಟ್ಟೆ ವಾಸಿ ಅನ್ನುವುದು ನನ್ನ ಮತ. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಸಿಬೆಂಜೋನ್‌ನಂಥ ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ ಅನ್ನುವ ಕಾರಣಕ್ಕೆ ಪೆಸಿಫಿಕ್‌ನ ಪಲಾವು ಎಂಬ ದ್ವೀಪದೇಶ 2020ರಲ್ಲಿ, ಹವಾಯಿ 2021ರಲ್ಲಿ ಅವುಗಳ ಮಾರಾಟ ನಿಲ್ಲಿಸಿದವು.

ಊಟವಾಯಿತು. ಅಕ್ಕ ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗಿದಳು. ನಾನೂ ಮಲಗುತ್ತಿದ್ದೆನೋ ಏನೋ, ಎಲೆಯ ರಾಶಿಯಲ್ಲಿ ಸರಸರ ಸದ್ದು. ಸನ್ಯಾಸಿ ಏಡಿಗಳು. ಹೆಸರಿಗಷ್ಟೇ ಸನ್ಯಾಸ, ಮನೆಯ ಮೇಲಿನ ಮೋಹ ಇವಕ್ಕಿದ್ದಷ್ಟು ಸಂಸಾರಿಗಳಿಗೂ ಇರಲಿಕ್ಕಿಲ್ಲ. ಹಿಂಭಾಗ ಮೆತ್ತಗಿರುವ ಏಡಿ ಇದು, ಸ್ವಂತ ಚಿಪ್ಪು ಬೆಳೆಯುವುದಿಲ್ಲ. ಸತ್ತ ಶಂಖದ ಹುಳುವಿನ ಚಿಪ್ಪು ಹುಡುಕಿ ಹೊಕ್ಕು ಅದನ್ನೇ ಹೊತ್ತು ತಿರುಗಬೇಕು. ಮೈ ಬೆಳೆದಂತೆ ದೊಡ್ಡ ಚಿಪ್ಪು ಬೇಕಾಗುತ್ತದೆ. ನನ್ನ ಚಾಪೆಯಿಂದ ಒಂದು ಮಾರು ದೂರದಲ್ಲಿ ಒಂದು ಖಾಲಿ ಚಿಪ್ಪು ಬಿದ್ದಿತ್ತು, ನಿಂಬೆಹಣ್ಣಿನ ಗಾತ್ರದ್ದು. ಮೊದಲು ಬಂದ ಏಡಿ ಅದರ ಒಳಗೆ ಕೊಂಡಿ ಹಾಕಿ ಅಳೆಯಿತು, ಉರುಳಿಸಿ ನೋಡಿತು, ತನಗೆ ದೊಡ್ಡದಾಯಿತೆಂದು ಪಕ್ಕದಲ್ಲೇ ನಿಂತುಬಿಟ್ಟಿತು. ಹೋಗಲಿಲ್ಲ. ಇನ್ನೊಂದು ಬಂತು, ಅದೂ ನಿಂತಿತು. ಆಮೇಲೆ ಒಂದು ದೊಡ್ಡದು ಬಂದು ತನ್ನ ಹಳೆಯ ಚಿಪ್ಪಿನಿಂದ ಸರಕ್ಕನೆ ಹೊರಬಂದು ಹೊಸದಕ್ಕೆ ನುಗ್ಗಿತು. ಅದರ ಹಳೆಯದಕ್ಕೆ ಎರಡನೆಯದು, ಎರಡನೆಯದರ ಮನೆಗೆ ಕಾಯುತ್ತಿದ್ದ ಮೊದಲನೆಯದು. ಒಬ್ಬರು ನಿವೃತ್ತರಾದರೆ ಇಡೀ ಕಚೇರಿಯಲ್ಲಿ ಬಡ್ತಿ ಸಾಲಾಗಿ ಇಳಿದು ಬರುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಫೈಲು ಅರ್ಧ ನಿಮಿಷದಲ್ಲಿ ವಿಲೇವಾರಿ.

ಅದೇ ಗುಂಪಿನಲ್ಲಿ ಒಂದು ಏಡಿಯ ಬೆನ್ನ ಮೇಲಿದ್ದದ್ದು ಕೆಂಪು ಬಾಟಲಿ ಮುಚ್ಚಳ. ಅರ್ಧ ಮೈ ಹೊರಗೇ. ಕಡಲತೀರದಿಂದ ಚಿಪ್ಪು ಆರಿಸಿಕೊಂಡು ಹೋಗುವವರ ಬಗ್ಗೆ ನನಗೆ ಮೊದಲಿಂದಲೂ ಅಸಮಾಧಾನ, ಆವತ್ತು ಅದು ಸಿಟ್ಟಾಯಿತು. ನಮ್ಮ ಶೋಕೇಸಿನ ಚೆಂದಕ್ಕೆ ಎತ್ತಿದ ಪ್ರತಿ ಚಿಪ್ಪೂ ಇಲ್ಲಿ ಯಾರದೋ ಮನೆ. ಅದೂ ಅಲ್ಲದೆ ಎತ್ತಿದ ಶಂಖ ಖಾಲಿಯೇ ಇರುತ್ತದೆಂದು ಹೇಳಲಾಗುವುದಿಲ್ಲ. ಉಷ್ಣವಲಯದ ಕೋನಾಕಾರದ, ಚಿತ್ತಾರದ ಕೆಲವು ಶಂಖಗಳ ಒಳಗಿನ ಜೀವಕ್ಕೆ ಮನುಷ್ಯನನ್ನು ಕೊಲ್ಲಬಲ್ಲ ವಿಷದ ಮುಳ್ಳಿದೆ. ಇದ್ದಲ್ಲೇ ಇರಲಿ ಬಿಡಿ.

ಎರಡೂವರೆ ಹೊತ್ತಿಗೆ ನೀರು ಮತ್ತೆ ಒಳಗೆ ಬರತೊಡಗಿತು. ದಿಬ್ಬಕ್ಕೂ ದಡಕ್ಕೂ ನಡುವಿನ ಲಗೂನಿನಲ್ಲಿ ಎದೆಮಟ್ಟ. ದಿಬ್ಬದಾಚೆ ಹೋಗುವ ಮಾತೇ ಇಲ್ಲ, ಅಲ್ಲಿ ಅಲೆಯ ಸೆಳೆತ ಬೇರೆಯದೇ. ರಬ್ಬರ್ ಷೂ ಹಾಕಿಕೊಂಡೇ ಇಳಿದೆವು. ಕಲ್ಲಿನ ಬಣ್ಣದಲ್ಲಿ ಕಲ್ಲಾಗಿಯೇ ಕೂತಿರುವ ಸ್ಟೋನ್‌ಫಿಶ್ ಎಂಬ ವಿಷಮುಳ್ಳಿನ ಮೀನಿನ ಮೇಲೆ ಬರಿಗಾಲು ಇಡುವ ಆಸೆ ಯಾರಿಗೂ ಇರಲಾರದು. ಒಬ್ಬರು ಸ್ನಾರ್ಕೆಲ್ ಎಂಬ ಉಸಿರುಕೊಳವೆ ಹಾಕಿಕೊಂಡು ಮುಖ ಮುಳುಗಿಸಿದಾಗ ಇನ್ನೊಬ್ಬರು ನಿಂತು ಕಾಯುವುದು, ಇದು ಅಕ್ಕನ ಆಜ್ಞೆ.

ನೀರಿನೊಳಗೆ ಮೌನ ಇರುತ್ತದೆಂದು ಹೇಳಿದವರು ಹವಳದ ಮೇಲೆ ಕಿವಿ ಮುಳುಗಿಸಿಲ್ಲ. ಕಟಕಟ, ಕರಕರ, ನಿಲ್ಲುವುದೇ ಇಲ್ಲ. ಸದ್ದು ಮಾಡುತ್ತಿದ್ದವರಲ್ಲಿ ಒಬ್ಬರು ಕಣ್ಣೆದುರಿಗೇ ಇದ್ದರು. ಗಿಳಿಮೀನು, ಮೊಣಕೈ ಉದ್ದ, ನೀಲಿ-ಹಸಿರು ಮೈಗೆ ಅಲ್ಲಲ್ಲಿ ಗುಲಾಬಿ. ಹಲ್ಲುಗಳು ಕೂಡಿ ಗಟ್ಟಿ ಕೊಕ್ಕಾಗಿವೆ. ಸತ್ತ ಹವಳದ ಕಲ್ಲಿನ ಮೇಲಿನ ಪಾಚಿಯನ್ನು ಆ ಕೊಕ್ಕಿನಿಂದ ಕೆರೆಯುತ್ತದೆ, ಕಲ್ಲೂ ಜೊತೆಗೆ ಬರುತ್ತದೆ. ಗಂಟಲಲ್ಲಿರುವ ಇನ್ನೊಂದು ಜೊತೆ ಹಲ್ಲಿನಲ್ಲಿ ಅದನ್ನೆಲ್ಲ ಅರೆದು, ಬೇಕಾದ್ದು ಇಟ್ಟುಕೊಂಡು, ಮಿಕ್ಕಿದ್ದನ್ನು ಹಿಂದಿನಿಂದ ಬಿಡುತ್ತದೆ. ನಾನು ನೋಡುತ್ತಿದ್ದಂತೆಯೇ ಒಂದು ಬಿಳಿ ಮೋಡ ಬಿಟ್ಟು ಮುಂದೆ ಹೋಯಿತು. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಹೀಗೆ ತಯಾರಿಸುತ್ತದೆ. ಹವಳದ ದ್ವೀಪಗಳ ಹೊಳೆಯುವ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇದರದ್ದೇ.

ಮೇಲೆ ಬಂದು ಅಕ್ಕನಿಗೆ ಹೇಳಿದೆ. ಅವಳು ಬೆಳಗಿನಿಂದ ತಾನು ಒರಗಿದ್ದ, ಕಾಲು ಹೂತುಕೊಂಡಿದ್ದ ಮರಳನ್ನು ಒಮ್ಮೆ ತಿರುಗಿ ನೋಡಿದಳು. "ಇದನ್ನ ಊಟಕ್ಕೆ ಮುಂಚೆ ಹೇಳಲಿಲ್ಲವಲ್ಲ, ಪುಣ್ಯ" ಅಂದಳು.

ಆದರೆ ಈ ದ್ವೀಪದ ಹಳೆಯ ನೌಕರರು ಹವಳದ ಹುಳುಗಳೇ. ಸುಣ್ಣದ ಗೂಡು ಕಟ್ಟಿಕೊಂಡು ಒಂದರ ಮೇಲೊಂದು ತಲೆಮಾರು ಕೂರುತ್ತ ಹೋಗುವ ಜೀವ. ಉಂಗುರಾಕಾರದ ಹವಳದ್ವೀಪಗಳು ಹೇಗಾದವು ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಒಂದು ವಿವರಣೆ ಕೊಟ್ಟಿದ್ದ: ಜ್ವಾಲಾಮುಖಿ ದ್ವೀಪವೊಂದು ನಿಧಾನಕ್ಕೆ ಮುಳುಗುತ್ತದೆ, ಅದರ ಅಂಚಿನ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಬೆಟ್ಟ ಇಲ್ಲವಾಗಿ ಉಂಗುರ ಉಳಿಯುತ್ತದೆ. ನೂರು ವರ್ಷದ ಮೇಲೆ, 1952ರಲ್ಲಿ, ಪೆಸಿಫಿಕ್‌ನ ಎನಿವೆಟಾಕ್ ಎಂಬ ಹವಳದ್ವೀಪದಲ್ಲಿ ಕೊಳವೆ ಕೊರೆದು ನೋಡಿದರು. 1,200 ಮೀಟರಿಗೂ ಹೆಚ್ಚು ಆಳದವರೆಗೆ ಬರೀ ಹವಳದ ಸುಣ್ಣಕಲ್ಲು, ಅದರ ಕೆಳಗೆ ಜ್ವಾಲಾಮುಖಿಯ ಬಂಡೆ. ಅಷ್ಟು ಎತ್ತರದ ಕಟ್ಟಡ, ಮೇಸ್ತ್ರಿಯ ಗಾತ್ರ ಕೆಲವು ಮಿಲಿಮೀಟರ್. ನಾನು ತೇಲುತ್ತ ನೋಡಿದ್ದು ಅದರ ಹೊಸ ಮಹಡಿಯೊಂದನ್ನು ಅಷ್ಟೇ. ಅಲ್ಲಲ್ಲಿ ಕೊಂಬೆಗಳು ಸುಣ್ಣ ಹೊಡೆದಷ್ಟು ಬೆಳ್ಳಗಾಗಿದ್ದವು. ನೀರು ಹೆಚ್ಚು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣವೂ ಊಟವೂ ಆ ಪಾಚಿಯಿಂದಲೇ ಬರುವುದರಿಂದ ಹಾಗೇ ಬಹಳ ದಿನ ಉಳಿದರೆ ಸಾಯುತ್ತದೆ. ಅದರ ಪಕ್ಕದ ಕೊಂಬೆಗಳು ಕಂದು ಬಣ್ಣದಲ್ಲಿ ಚೆನ್ನಾಗಿಯೇ ಇದ್ದವು.

ನಾಲ್ಕು ಗಂಟೆಗೆ ದಡಕ್ಕೆ ಬಂದರೆ ನಮ್ಮ ಮರದ ಹೂವು ಬಣ್ಣ ಬದಲಿಸಿತ್ತು. ಬೆಳಗಿನ ಹಳದಿ ಈಗ ಕಿತ್ತಳೆ. ಕೆಂಪಗಾಗುತ್ತ ಬಂದದ್ದು ಒಂದೊಂದೇ ಕಳಚಿ ಚಾಪೆಯ ಮೇಲೆ ಬೀಳುತ್ತಿತ್ತು. ನಾನು ಗಡಿಯಾರ ಬಿಚ್ಚಿ ಚೀಲದಲ್ಲಿಟ್ಟಿದ್ದೆ, ಹೊತ್ತು ತಿಳಿಯಲು ಇದೇ ಸಾಕಾಯಿತು. ಅಕ್ಕ ತಲೆ ಒರೆಸಿಕೊಳ್ಳುತ್ತ, ತನ್ನ ಮೊಮ್ಮಗಳ ಮಾತು, ನಿವೃತ್ತಿಯ ಮೇಲೆ ಬೆಳಿಗ್ಗೆ ಐದಕ್ಕೆ ಸುಮ್ಮನೆ ಎಚ್ಚರವಾಗುವ ಮಾತು, ನಮ್ಮ ತಾಯಿ ಒಂದು ಮಧ್ಯಾಹ್ನವೂ ಮಲಗಿದ್ದು ತಾನು ನೋಡಿಲ್ಲ ಅನ್ನುವ ಮಾತು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ್ದು ಮಾತಾಡಿದಳು. ನಾನು ಹೂಂಗುಟ್ಟುತ್ತಿದ್ದೆ. ಮನೆಯಲ್ಲಿ ನಾವು ಮಾತಾಡುವುದೆಲ್ಲ ಏನಾದರೊಂದು ತೀರ್ಮಾನಕ್ಕೆ. ಇಲ್ಲಿ ಯಾವುದನ್ನೂ ತೀರ್ಮಾನಿಸಬೇಕಿರಲಿಲ್ಲ.

ಅಷ್ಟರಲ್ಲಿ ನೀರು ಏಡಿಗಳ ಮೂಲೆ ಮುಟ್ಟಿತ್ತು. ಹೋಗಿ ನೋಡಿದೆ. ಏಡಿಗಳು ಆಗಲೇ ಬಿಲ ಮುಚ್ಚಿಕೊಂಡು ಒಳಗೆ, ಒಂದಿಷ್ಟು ಗಾಳಿಯ ಜೊತೆ. ಒಂದು ತೆಳು ಅಲೆ ಗೋಲಿಗಳ ಮೇಲೆ ಹಾದು ಹೋಯಿತು, ಗೋಲಿ ಕರಗಿ ಬರೀ ಮರಳಾಯಿತು. ಇನ್ನೊಂದು ಅಲೆಗೆ ಗೆರೆಯೂ ಇಲ್ಲ. ಇದನ್ನು ನೋಡಿ ಬೇಜಾರಾಗಬೇಕೆಂದು ಯಾರೋ ಹೇಳಿಯಾರು. ನನಗೇನೂ ಆಗಲಿಲ್ಲ. ಅವು ತಿಂದಾಗಿತ್ತಲ್ಲ. ನೀರು ಹೊಸ ಆಹಾರ ತಂದು ಹಾಕುತ್ತಿತ್ತು, ಮುಂದಿನ ಇಳಿತಕ್ಕೆ.

ಕೊನೆಯ ಗಂಟೆ ಕಸ ಹೆಕ್ಕಿದೆವು. ಆ ನಿರ್ಜನ ದಡದಲ್ಲೂ ಕಸವಿತ್ತೇ ಅಂತ ಕೇಳಬೇಡಿ. ದಕ್ಷಿಣ ಪೆಸಿಫಿಕ್‌ನಲ್ಲಿ ಹೆಂಡರ್ಸನ್ ಅನ್ನುವ ದ್ವೀಪವಿದೆ, ಜನ ವಾಸವಿಲ್ಲ, ಸುತ್ತ ಸಾವಿರಾರು ಕಿಲೋಮೀಟರ್ ಕಾರ್ಖಾನೆಯಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ ಸುಮಾರು 3.8 ಕೋಟಿ ಪ್ಲಾಸ್ಟಿಕ್ ಚೂರುಗಳಿವೆ ಎಂದು ಅಂದಾಜು ಮಾಡಿತು. ನಮ್ಮ ಪಾಲಿಗೆ ಸಿಕ್ಕಿದ್ದು ಒಂಟಿ ಚಪ್ಪಲಿಗಳು, ಮುಚ್ಚಳಗಳು, ಮೀನುಬಲೆಯ ತುಂಡು, ಹತ್ತು ಮಾರಿನಷ್ಟು ನೈಲಾನ್ ಹಗ್ಗ. ಎರಡು ಚೀಲ ತುಂಬಿತು. ಚಪ್ಪಲಿ ಯಾವಾಗಲೂ ಒಂಟಿಯಾಗಿಯೇ ಯಾಕೆ ಬರುತ್ತದೆ ಅನ್ನುವ ಅಕ್ಕನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಂಪು ಮುಚ್ಚಳದ ಏಡಿ ಮತ್ತೆ ಕಾಣಲಿಲ್ಲ. ಕಂಡಿದ್ದರೂ ಅದರ ಮನೆ ಕಿತ್ತುಕೊಳ್ಳುವುದು ಹೇಗೆ?

ಉಷ್ಣವಲಯದಲ್ಲಿ ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ; ಮುಳುಗಿದ ಅರ್ಧ ಗಂಟೆಯೊಳಗೆ ದಿಬ್ಬ ಎಲ್ಲಿದೆಯೆಂದು ಕಾಣುವುದಿಲ್ಲ. ಅದಕ್ಕೇ ದೋಣಿಯವರು ನೀರು ಪೂರ್ತಿ ಏರುವ ಮೊದಲೇ, ಬೆಳಗ್ಗೆ ಬೆರಳಿಟ್ಟು ತೋರಿಸಿದ್ದ ಜಾಗಕ್ಕೆ ಸೂರ್ಯ ಬಂದಾಗಲೇ ಬಂದರು. ನಮ್ಮ ಕಸದ ಚೀಲ ಬಗ್ಗಿ ನೋಡಿ, ನೈಲಾನ್ ಹಗ್ಗ ಎಳೆದು ತೆಗೆದು, ಜಗ್ಗಿ ಪರೀಕ್ಷಿಸಿ, ಸುತ್ತಿ ತಮ್ಮ ಕಾಲಡಿ ಇಟ್ಟುಕೊಂಡರು. ಆಮೇಲೆ ದೋಣಿಯ ಮೂತಿ ಮರಳಿಗೆ ಕಚ್ಚಿಕೊಂಡದ್ದನ್ನು ತೋರಿಸಿ, ನನ್ನ ಕಡೆ ನೋಡಿ, ಎರಡೂ ಅಂಗೈಯಿಂದ ಗಾಳಿಯನ್ನು ತಳ್ಳಿ ತೋರಿಸಿದರು.

ಅಕ್ಕ ಅಷ್ಟು ಹೊತ್ತಿಗೆ ದೋಣಿ ಹತ್ತಿ ಕೂತು ಛತ್ರಿ ಮಡಚುತ್ತಿದ್ದಳು. "ಎಡಗಡೆಯಿಂದ ತಳ್ಳೇ, ಬಲಗಡೆ ಮರಳು ಜಾಸ್ತಿ ಇದೆ" ಅಂದಳು.